ಎಂಎ ಅರ್ಥಶಾಸ್ತ್ರದವರಿಗೆ ಬೇಸಿಗೆಯಲ್ಲಿ ಸರ್ಕಾರಿ ಇಂಟರ್ನ್‌ಶಿಪ್ ಸಿಗ್ಲಿಕ್ಕುಂಟಾ?

ಕಾರ್ಕಳದವಳು
ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಎಂಎ ಅರ್ಥಶಾಸ್ತ್ರ, ಮೊದಲ ವರ್ಷ. ಡಿಗ್ರಿಯಲ್ಲಿ ಶೇ. 74. ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕ್ ಅಥವಾ ನೀತಿ ಆಯೋಗದಲ್ಲಿ ಇಂಟರ್ನ್‌ಶಿಪ್ ಮಾಡುವ ಆಸೆ. ಫೆಬ್ರವರಿ ಬಂತು, ಈಗ ಅರ್ಜಿ ಹಾಕಿದರೆ ಆಗ್ತದಾ? ದುಡ್ಡು ಕೊಡ್ತಾರಾ? ಅಮ್ಮ ಬೀಡಿ ಕಟ್ಟಿ ಓದಿಸ್ತಿರೋದು, ದೆಹಲಿಯ ಖರ್ಚು ಕೇಳ್ಲಿಕ್ಕೆ ನನಗೆ ಬಾಯಿ ಬರುವುದಿಲ್ಲ. ಹಾಸ್ಟೆಲಲ್ಲಿ ಒಬ್ಬಳು ‘ಅದೆಲ್ಲ ದೊಡ್ಡ ಕಾಲೇಜಿನವರಿಗೆ ಮಾರಾಯ್ತಿ’ ಅಂದಳು.

ಪಾಸ್‌ಬುಕ್
ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ನಾಲ್ಕೂ ಹುಟ್ಟಿದ ಊರು ನಮ್ಮದು. ಸುಮ್ಮನೆ ಬ್ಯಾಂಕ್ ಪರೀಕ್ಷೆಗೆ ಓದಿ. ಇಂಟರ್ನ್‌ಶಿಪ್ ಸರ್ಟಿಫಿಕೇಟಿಗೆ ಯಾರೂ ಮಾರ್ಕ್ ಕೊಡುವುದಿಲ್ಲ.

ಬೈಂದೂರಕ್ಕ
ಪಾಸ್‌ಬುಕ್‌ನವರೇ, ಅವಳು ಕೇಳಿದ್ದು ಅದಲ್ಲ.

ತಂಗಿ, ಮೊದಲು ಬೇಜಾರಿನ ಸುದ್ದಿ. ರಿಸರ್ವ್ ಬ್ಯಾಂಕಿನ ಬೇಸಿಗೆ ಯೋಜನೆಗೆ ಅರ್ಜಿ ಅಕ್ಟೋಬರ್ 15ರಿಂದ ಡಿಸೆಂಬರ್ 15ರವರೆಗೆ ಮಾತ್ರ. ಅದೂ ಕೋರ್ಸ್ ಮುಗಿಯಲು ಇನ್ನೊಂದು ವರ್ಷ ಇರುವವರಿಗೆ. ಅಂದ್ರೆ ಎರಡು ವರ್ಷದ ಎಂಎಯವರಿಗೆ ಆ ಬಾಗಿಲು ತೆರೆಯುವುದು ಒಂದೇ ಸಲ, ಹಾಸ್ಟೆಲಲ್ಲಿ ಚಾಪೆ ಬಿಡಿಸುವಷ್ಟರಲ್ಲಿ. ತಿಂಗಳಿಗೆ 20,000 ಕೊಡ್ತಾರೆ, ಅದಕ್ಕೇ ಹೊಟ್ಟೆ ಉರಿಯೋದು. ನನಗೂ ತಪ್ಪಿದ್ದು ಹೀಗೇ.

ನೀತಿ ಆಯೋಗದ್ದು ವರ್ಷವಿಡೀ ಉಂಟು, ಪ್ರತಿ ತಿಂಗಳು 1ರಿಂದ 10ರವರೆಗೆ ಆನ್‌ಲೈನ್ ಅರ್ಜಿ. ಡಿಗ್ರಿಯಲ್ಲಿ ಶೇ. 70 ಬೇಕು, ನಿನಗುಂಟು. ಆದರೆ ಎಂಎ ಎರಡನೇ ಸೆಮಿಸ್ಟರ್ ಪರೀಕ್ಷೆ ಬರೆದಿರಬೇಕು, ಹಾಗಾಗಿ ಮೇ ಅಂತಲೇ ಹಠ ಹಿಡಿಯಬೇಡ, ಪರೀಕ್ಷೆ ಮುಗಿದ ನಂತರದ ತಿಂಗಳು ಹಾಕು. ಕನಿಷ್ಠ ಆರು ವಾರ. ಚಿಕ್ಕಾಸು ಕೊಡುವುದಿಲ್ಲ, ಲ್ಯಾಪ್‌ಟಾಪೂ ನಮ್ಮದೇ. ನಾನು ಮಂಗಳಾ ಎಕ್ಸ್‌ಪ್ರೆಸ್ಸಲ್ಲಿ ಎರಡು ರಾತ್ರಿ ಕೂತು ಹೋದವಳು. ರೂಮು, ಊಟ, ಮೆಟ್ರೋ ಸೇರಿ ಆರು ವಾರಕ್ಕೆ 31,000 ಆಯ್ತು. ಅರ್ಧ ದೊಡ್ಡಮ್ಮನ ಸಾಲ.

ಇನ್ನು ಮುಖ್ಯದ್ದು. ಈಗಿಂದಲೇ ಕಾರ್ಮಿಕ ಬಲದ ಸಮೀಕ್ಷೆಯ (PLFS, ಮನೆಮನೆಗೆ ಹೋಗಿ ಯಾರಿಗೆ ಎಂತ ಕೆಲಸ ಅಂತ ಕೇಳುವುದು) ಮೂಲ ಡೇಟಾ ಇಳಿಸಿಕೋ. 2017ರಿಂದ ನಡೀತಾ ಉಂಟು, ಸಾಂಖ್ಯಿಕ ಸಚಿವಾಲಯ ಪುಕ್ಕಟೆ ಕೊಡ್ತದೆ. ಅದರಲ್ಲಿ ಪ್ರತಿಯೊಬ್ಬರ ಕೆಲಸಕ್ಕೂ ಒಂದು ಸಂಖ್ಯೆ. ಮನೆಯಲ್ಲೇ ಕೂತು ಇಷ್ಟು ಬೀಡಿಗೆ ಇಷ್ಟು ಕೂಲಿ ಅಂತ ಕಟ್ಟುವವರು ಸ್ವಂತ ಉದ್ಯೋಗಿ, 11. ಬರೀ ಮನೆಗೆಲಸ ಮಾಡುವವರು 92. ಬಾಗಿಲಿಗೆ ಬಂದವರಿಗೆ ಗಂಡಸರು ‘ಅವಳು ಮನೆಯಲ್ಲೇ ಇರೋದು’ ಅಂದುಬಿಟ್ಟರೆ, ದಿನಕ್ಕೆ ಸಾವಿರ ಬೀಡಿ ಸುತ್ತಿ ಬೀಡಿ ಕಂಪೆನಿಯ ಬ್ರಾಂಚಿಗೆ ಕೊಟ್ಟು ಬರುವ ಹೆಂಗಸು 92ರ ಡಬ್ಬಿಗೆ ಬೀಳ್ತಾಳೆ, ಕೆಲಸ ಮಾಡುವವರ ಲೆಕ್ಕದಿಂದಲೇ ಹೊರಗೆ. ನಿನ್ನ ಕ್ಲಾಸಿನಲ್ಲಿ ಇದನ್ನು ನಿನ್ನಷ್ಟು ಚೆನ್ನಾಗಿ ಹೇಳುವವರು ಯಾರಿದ್ದಾರೆ? ಅದರ ಮೇಲೆ ನಾಲ್ಕು ಪುಟ ಬರೆದಿಟ್ಟುಕೋ. ಇಂಗ್ಲಿಷ್ ತೊದಲಿದರೂ ಆ ಪುಟ ಮಾತಾಡ್ತದೆ.

ನಿವೃತ್ತ, ಉಡುಪಿ
ಸಾಂಖ್ಯಿಕ ಇಲಾಖೆಯಲ್ಲಿ ಇದ್ದವನು. ಈ ಬೇಸಿಗೆಗೇ ಬೇಕಿದ್ದರೆ ವಿಭಾಗ ಮುಖ್ಯಸ್ಥರ ಪತ್ರ ಹಿಡಿದು ಮಣಿಪಾಲದ ರಜತಾದ್ರಿಗೆ (ಉಡುಪಿ ಜಿಲ್ಲಾ ಕಚೇರಿಗಳ ಸಂಕೀರ್ಣ), ಇಲ್ಲವೇ ಮಂಗಳೂರಿನ ಜಿಲ್ಲಾ ಸಾಂಖ್ಯಿಕ ಕಚೇರಿಗೆ ಹೋಗಿ ಕೇಳಮ್ಮ. ಹೂಂ ಅನ್ನುವುದು ಅಲ್ಲಿರುವ ಅಧಿಕಾರಿಯ ಮೇಲೆ ಹೋಗ್ತದೆ. ಆ ಕಚೇರಿ ತರುವ ‘ಜಿಲ್ಲಾ ಅಂಕಿ ಅಂಶಗಳ ನೋಟ’ ಪುಸ್ತಕದ ಒಂದೊಂದು ಕೋಷ್ಟಕ ಯಾವ ಇಲಾಖೆಯಿಂದ ಹೇಗೆ ಬರುತ್ತದೆ ಅಂತ ನೋಡಿದರೂ ಸಾಕು. ಐದು ಮೀಟರ್ ಉದ್ದ, ಐದು ಮೀಟರ್ ಅಗಲ ಹಗ್ಗ ಹಿಡಿದು ಭತ್ತ ಕೊಯ್ದು ತೂಗುವ ಬೆಳೆ ಕಟಾವು ಪ್ರಯೋಗ ಮೇಯಲ್ಲಿ ಸಿಗಲಿಕ್ಕಿಲ್ಲ. ಅದಕ್ಕೆ ಅಕ್ಟೋಬರಿನಲ್ಲಿ ಬಾ. ಜಿಗಣೆಗೆ ಸುಣ್ಣ ತರಲು ಮರೆಯಬೇಡ.

ಕಾರ್ಕಳದವಳು
ಬೈಂದೂರಕ್ಕ, ನಿನ್ನೆ ರಾತ್ರಿ ಫೋನಿನಲ್ಲಿ ಅಮ್ಮನ ಹತ್ರ ಕೇಳಿದೆ, ಸಮೀಕ್ಷೆಯವರು ಬಂದ್ರೆ ಕೆಲಸ ಎಂತ ಅಂತ ಹೇಳ್ತೀರಿ ಅಂತ. ‘ಕೆಲಸ ಎಂತದ್ದು, ಮನೆಯಲ್ಲೇ’ ಅಂದರು. ಹಿಂದಿನಿಂದ ಎಲೆ ಕತ್ತರಿಸುವ ಕತ್ತರಿಯ ಸದ್ದು ಕೇಳ್ತಾನೇ ಇತ್ತು.

ಸರ್, ಸೋಮವಾರ ಪತ್ರ ಕೇಳ್ತೇನೆ. ಲ್ಯಾಪ್‌ಟಾಪ್ ಅಣ್ಣಂದುಂಟು, ಎರಡು ಕೀ ಒತ್ತುವುದಿಲ್ಲ. ಡೇಟಾ ಇಳಿಸ್ಲಿಕ್ಕೆ ಸಾಕಲ್ಲ?