ದೇಶವೇ ಸಾಲ ಕಟ್ಟದಿದ್ದರೆ ಕೆಲಸದ ಗತಿ? ಶ್ರೀಲಂಕಾದಲ್ಲಿದ್ದವರು ಹೇಳಿ

ಪ್ರಶ್ನೆ: ಮಾಲ್ಡೀವ್ಸ್‌ನಲ್ಲಿ ಅಕೌಂಟ್ಸ್ ಕೆಲಸ ಸಿಕ್ಕಿದೆ. ಅಲ್ಲಿನ ಸರ್ಕಾರದ ಸಾಲದ ಸುದ್ದಿ ಓದಿ ಮನೆಯವರು ಬೇಡ ಅನ್ನುತ್ತಿದ್ದಾರೆ. 2022ರಲ್ಲಿ ಶ್ರೀಲಂಕಾದಲ್ಲಿದ್ದ ಕನ್ನಡಿಗರಿಗೆ ಏನಾಯಿತು? ಹೋಗಲೋ ಬೇಡವೋ?

ಉತ್ತರ 1: ನಾನು ಆಗ ಕೊಲಂಬೊದಲ್ಲಿದ್ದೆ. ಯಂತ್ರದ ಬಿಡಿಭಾಗ ತರಿಸಿ ಮಾರುವ ಕಂಪನಿ. ವಿದೇಶಿ ಸಾಲ ಕಟ್ಟುವುದು ನಿಲ್ಲಿಸುತ್ತೇವೆ ಎಂದು ಸರ್ಕಾರ ಹೇಳಿದ್ದು 2022ರ ಏಪ್ರಿಲ್ 12ಕ್ಕೆ. ನಮಗೆ ಬಿಸಿ ಅದಕ್ಕೂ ಮೊದಲೇ ತಟ್ಟಿತ್ತು. ಬ್ಯಾಂಕಿನಲ್ಲಿ ಡಾಲರ್ ಇಲ್ಲ, ಎಲ್‌ಸಿ (ಹೊರಗಿಂದ ತರಿಸುವ ಸಾಮಾನಿಗೆ ಬ್ಯಾಂಕ್ ಕೊಡುವ ಪಾವತಿ ಖಾತ್ರಿ) ತೆರೆಯುವುದಿಲ್ಲ. ಸಾಮಾನೇ ಬರದಿದ್ದರೆ ಮಾರುವುದೇನು? ಮೊದಲು ಓವರ್‌ಟೈಮ್ ಹೋಯಿತು, ಆಮೇಲೆ ಗೋಡೌನ್ ಹುಡುಗರು ಹೋದರು.

ನನ್ನ ಕೆಲಸ ಹೋಗಲಿಲ್ಲ. ಸಂಬಳವೂ ಒಂದನೇ ತಾರೀಖಿಗೇ ಬರುತ್ತಿತ್ತು. ಆದರೆ ಮಾರ್ಚ್ ಶುರುವಿನಲ್ಲಿ ಡಾಲರಿಗೆ ಸುಮಾರು 200 ಇದ್ದ ಅಲ್ಲಿನ ರೂಪಾಯಿ ಮೇ ಹೊತ್ತಿಗೆ 360ರ ಆಸುಪಾಸಿಗೆ ಬಂತು. ಊರಿಗೆ ಕಳಿಸುವ ದುಡ್ಡು ಹೆಚ್ಚುಕಮ್ಮಿ ಅರ್ಧ! ಸೆಪ್ಟೆಂಬರ್‌ನಲ್ಲಿ ಹಣದುಬ್ಬರ ಶೇ. 70ರ ಹತ್ತಿರ.

ಆಫೀಸಿನ ಕೆಳಗೆ ಒಂದು ಸಣ್ಣ ಹೋಟೆಲ್ ಇತ್ತು. ಗ್ಯಾಸ್ ಸಿಗದೆ ಸೌದೆ ಒಲೆ ಹಚ್ಚಿದರು. ಊಟದ ರೇಟು ಬರೆಯುವ ಬೋರ್ಡನ್ನೇ ತೆಗೆದುಬಿಟ್ಟರು, ದಿನಾ ಅಳಿಸಿ ಬರೆಯುವುದು ಯಾಕೆ ಅಂತ. ಪರೋಟ ಹಾಕುತ್ತಿದ್ದ ಇಬ್ಬರಲ್ಲಿ ಒಬ್ಬನನ್ನು ಕಳಿಸಿದರು. ಆಟೋದವರು ದುಡಿಯುವುದು ಬಿಟ್ಟು ಪೆಟ್ರೋಲ್ ಕ್ಯೂನಲ್ಲೇ ಮಲಗುತ್ತಿದ್ದರು. ಆ ಆಟೋದವರ್ಯಾರೂ ನಿರುದ್ಯೋಗಿಗಳ ಲೆಕ್ಕಕ್ಕೆ ಬರುವುದಿಲ್ಲ ನೋಡಿ.

ನಿಮ್ಮ ಆಫರ್ ಲೆಟರ್‌ನಲ್ಲಿ ಸಂಬಳ ಡಾಲರ್‌ನಲ್ಲಿದೆಯೋ ಮಾಲ್ಡೀವ್ಸ್‌ನ ದುಡ್ಡು ರೂಫಿಯಾದಲ್ಲೋ? ರೂಫಿಯಾ ಆದರೆ ನಾನಂತೂ ಹೋಗಲ್ಲ.

ಉತ್ತರ 2: ಅಷ್ಟು ಹೆದರಿಸಬೇಡಿ ಸರ್ 🙂 ನಾನಿದ್ದದ್ದು ಗಾರ್ಮೆಂಟ್ಸ್‌ನಲ್ಲಿ. ಮಾಲು ಹೊರದೇಶಕ್ಕೆ, ದುಡ್ಡು ಡಾಲರ್‌ನಲ್ಲಿ. ಶುರುವಿನಲ್ಲಿ ಆರ್ಡರ್‌ಗೇನೂ ಕಮ್ಮಿ ಇರಲಿಲ್ಲ. ಡೀಸೆಲ್ ಇಲ್ಲದೆ ಕೆಲಸದವರ ಬಸ್ಸೇ ಬರುತ್ತಿರಲಿಲ್ಲ, ಅದೇ ತಲೆನೋವು. ಜನರನ್ನು ತೆಗೆದದ್ದು ಆಮೇಲೆ, ಅಮೆರಿಕ, ಯುರೋಪಿನ ಆರ್ಡರ್ ಇಳಿದಾಗ. ಮಾಲ್ಡೀವ್ಸ್ ರೆಸಾರ್ಟ್‌ಗಳಿಗೂ ಡಾಲರ್ ಬರುತ್ತೆ ಅಲ್ವಾ, ಅಂಥ ಕಡೆಯಾದರೆ ಧೈರ್ಯ ಮಾಡಬಹುದು.

ಉತ್ತರ 3: ಪಿಎಫ್ ವಿಷಯ ಯಾರೂ ಹೇಳಲಿಲ್ಲ. 2023ರಲ್ಲಿ ಶ್ರೀಲಂಕಾದಲ್ಲಿ ಸರ್ಕಾರ ದೇಶದೊಳಗೆ ಮಾಡಿದ್ದ ಸಾಲಕ್ಕೂ ಕೈ ಹಾಕಿದರು. ಬ್ಯಾಂಕ್ ಠೇವಣಿ ಮುಟ್ಟಲಿಲ್ಲ. ಆದರೆ ನೌಕರರ ಇಪಿಎಫ್ ಬಳಿಯಿದ್ದ ಸರ್ಕಾರಿ ಬಾಂಡ್‌ಗಳ ಬದಲಿಗೆ ಇನ್ನೂ ಹೆಚ್ಚು ವರ್ಷ ಬಿಟ್ಟು ದುಡ್ಡು ಬರುವ ಹೊಸ ಬಾಂಡ್ ಕೊಟ್ಟರು. ಅದೇ ವರ್ಷ ಆದಾಯ ತೆರಿಗೆಯ ಅತಿ ಹೆಚ್ಚಿನ ದರ ಶೇ. 36 ಆಯಿತು. ಡಾಕ್ಟರ್‌ಗಳು, ಎಂಜಿನಿಯರ್‌ಗಳು ದೇಶ ಬಿಟ್ಟು ಹೊರಟರು.

ಇನ್ನೊಂದು. ನಿಮ್ಮ ಕಂಪನಿ ಸರ್ಕಾರಿ ಕಾಂಟ್ರಾಕ್ಟ್ ನಂಬಿಕೊಂಡಿದೆಯಾ? ಹಾಗಿದ್ದರೆ ಎಷ್ಟು ತಿಂಗಳ ಬಿಲ್ ಬಾಕಿ ಇದೆ ಎಂದು ಅಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವವರನ್ನು ಕೇಳಿ. ಎಚ್‌ಆರ್ ಹೇಳಲ್ಲ.