ಪದಚರ್ಚೆ: 'ನಾರ್ಮ್'ಗೆ ರೂಢಿ ಸಾಲದು, 'ಆಯ್ದ ವಿಶ್ವಾಸ' ಬೇಡವೇ ಬೇಡ

ಮೇಡಂ, ಗೌರಿಬಿದನೂರಿನ ಅಂಗನವಾಡಿ ತರಬೇತಿ ಚಾರ್ಟಿಗೆ 'ಸೋಷಿಯಲ್ ನಾರ್ಮ್', 'ಸೆಲೆಕ್ಟಿವ್ ಟ್ರಸ್ಟ್' ಎರಡಕ್ಕೂ ಕನ್ನಡ ಪದ ಕೇಳಿದ್ದೀರಿ, ಚಾರ್ಟ್ ನಾಳೆ ಪ್ರೆಸ್ಸಿಗೆ ಹೋಗಬೇಕು ಅಂದಿದ್ದೀರಿ, ಅದಕ್ಕೆ ಮೊದಲು ಉತ್ತರ. ಸೋಷಿಯಲ್ ನಾರ್ಮ್‌ಗೆ (ಹೀಗೇ ನಡೀಬೇಕು ಅಂತ ಜನ ಇಟ್ಟುಕೊಂಡ ನಿಯಮ) 'ರೀತಿ ರಿವಾಜು' ಹಾಕಿ. ಸೆಲೆಕ್ಟಿವ್ ಟ್ರಸ್ಟ್‌ಗೆ ಹೊಸ ಪದ ಕಟ್ಟೋದೇ ಬೇಡ, 'ಮಕ್ಕಳು ಯಾರ ಮಾತು ನೆಚ್ಚುತ್ತಾರೆ' ಅಂತ ಬರೆದರೆ ಆಯಿತು.

ನಾರ್ಮ್‌ಗೆ ರೂಢಿ, ವಾಡಿಕೆ ಅನ್ನಿ ಅಂತ ಈ ಚರ್ಚೆಯಲ್ಲಿ ಆಗಲೇ ಬಂದಿದೆ. ರೂಢಿ ಅಂದರೆ ಜನ ಮಾಡಿಕೊಂಡು ಬಂದದ್ದು, ಅಷ್ಟೇ. ನಾರ್ಮ್‌ನಲ್ಲಿ 'ಬೇಕು', 'ಬಾರದು' ಎರಡೂ ಇವೆ. 2008ರಲ್ಲಿ ಮನೋವಿಜ್ಞಾನಿ ರಾಕೋಟ್ಸಿ ಮತ್ತು ಸಂಗಡಿಗರು ಮಕ್ಕಳಿಗೆ ಹೊಸ ಆಟ ತೋರಿಸಿ, ಆಮೇಲೆ ಒಂದು ಗೊಂಬೆಯ ಕೈಲಿ ಅದನ್ನು ತಪ್ಪಾಗಿ ಆಡಿಸಿದರು. ಮೂರು ವರ್ಷದ ಮಕ್ಕಳು ಸುಮ್ಮನಿರಲಿಲ್ಲ, ಹಂಗಲ್ಲ ಅಂತ ಗೊಂಬೆಯನ್ನೇ ತಿದ್ದಲು ಹೋದವು. ನಮ್ಮ ಬೀದಿಯ ಅಂಗನವಾಡಿಯಲ್ಲೂ ಊಟದ ಹೊತ್ತಿಗೆ ತನ್ನ ತಟ್ಟೆ ಬಿಟ್ಟು ಎದ್ದು ಬಂದು 'ಮಿಸ್, ಇವ್ನು ಕೈ ತೊಳ್ದಿಲ್ಲ, ಹಂಗೇ ತಿಂತಾವ್ನೆ' ಅಂತ ಚಾಡಿ ಹೇಳೋ ಮಗು ಇದ್ದೇ ಇರುತ್ತೆ. 'ನಮ್ಮಲ್ಲಿ ಆ ರಿವಾಜಿಲ್ಲ' ಅಂತ ಅಜ್ಜಿಯರು ಗದರುವಾಗ ಇರುವ ಬಿಗಿಯೇ ಅದು.

ಇನ್ನು ಸೆಲೆಕ್ಟಿವ್ ಟ್ರಸ್ಟ್‌ಗೆ ಇಲ್ಲಿ ಬಂದಿರುವ 'ಆಯ್ದ ವಿಶ್ವಾಸ'. ನಮ್ಮ ಕಡೆ 'ಅವರು ನಮಗೆ ಬಹಳ ವಿಶ್ವಾಸ' ಅಂದರೆ ಪ್ರೀತಿ, ಒಡನಾಟ. ಕಾರ್ಯಕರ್ತೆಯರು ಹಾಗೇ ಓದಿಕೊಳ್ಳುತ್ತಾರೆ. ಇಲ್ಲಿರುವ ಮಾತು ಪ್ರೀತಿಯದಲ್ಲ. ಕೇನಿಗ್, ಕ್ಲೆಮಾಂ, ಹ್ಯಾರಿಸ್ ಅನ್ನೋ ಸಂಶೋಧಕರು 2004ರಲ್ಲಿ ತೋರಿಸಿದ್ದು ಇಷ್ಟು: ಗೊತ್ತಿರೋ ಸಾಮಾನಿಗೆ ಸರಿಯಾದ ಹೆಸರು ಹೇಳಿದವರು ಒಬ್ಬರು, ತಪ್ಪು ಹೆಸರು ಹೇಳಿದವರು ಒಬ್ಬರು ಇದ್ದರೆ, ಗೊತ್ತಿಲ್ಲದ ಸಾಮಾನಿನ ಹೆಸರಿಗೆ ಮೂರು ನಾಲ್ಕು ವರ್ಷದ ಮಕ್ಕಳು ಸರಿ ಹೇಳಿದವರ ಮಾತನ್ನೇ ಹಿಡಿಯುತ್ತಾರೆ. ಇದಕ್ಕೆ ನೆಚ್ಚುವುದು ಅನ್ನೋದೇ ಸರಿ. 'ನೆಚ್ಚಿನ ನಟ' ಅಂದಾಗ ಅರ್ಥ ಬೇರೆ ಕಡೆ ಜಾರಿದೆ, ಒಪ್ಪಿದೆ. ಆದರೆ ಕ್ರಿಯಾಪದ ಗಟ್ಟಿಯಾಗೇ ಇದೆ, ಮಳೆ ನೆಚ್ಚಿಕೊಂಡು ರಾಗಿ ಬಿತ್ತಿದೆವು ಅಂತೀವಲ್ವಾ? ಬಸವಣ್ಣನವರ ವಚನದಲ್ಲಿ 'ನಂಬರು ನಚ್ಚರು' ಅಂತ ಎರಡೂ ಅಕ್ಕಪಕ್ಕವೇ ಇವೆ.

ರಿವಾಜು ಅರಬ್ಬಿ, ಕಿತ್ತು ಹಾಕಿ, 'ನಡೆಕಟ್ಟು' ತನ್ನಿ ಅಂದವರಿಗೆ: ಯಾರ ಮನೇಲಿ ಅಂತಾರೆ ಸ್ವಾಮಿ? ರೂಢಿ, ನೀತಿ, ವಿಶ್ವಾಸ ಯಾವ ಕನ್ನಡ? ಸಂಸ್ಕೃತದ್ದಾದರೆ ಸೈ, ಅರಬ್ಬಿದಾದರೆ ಕಳಂಕ ಅನ್ನೋದು ವ್ಯಾಕರಣವಲ್ಲ. ಕೋಲಾರದಲ್ಲಿ ಮನೇಲಿ ತೆಲುಗು, ಸಂತೇಲಿ ಉರ್ದು, ಸ್ಕೂಲಲ್ಲಿ ಕನ್ನಡ ಕೇಳಿ ಬೆಳೆದವರು ನಾವು, ರಿವಾಜು ಮೂರು ಕಡೆಯೂ ಓಡುತ್ತೆ.

ನಿಘಂಟಿನ ಪುಟ ಫೋಟೋ ತೆಗೆದು ಕಳಿಸಬೇಡಿ, ನನ್ನ ಹತ್ತಿರವೂ ಇದೆ. ಮೇಡಂ, 'ನೆಚ್ಚುತ್ತಾರೆ'ಯಲ್ಲಿ ಚ್ಚ ಒತ್ತು ಬಿಟ್ಟು ಹೋಗದಂತೆ ಪ್ರೂಫ್ ನೀವೇ ನೋಡಿ.