ಸಹಾಯ ಬೇಕು: ಡಾಬಾದ ಕರಿದ ಎಣ್ಣೆಯಿಂದ ಜನರೇಟರ್‌ಗೆ ಬಯೋಡೀಸೆಲ್

ಎಲ್ಲರಿಗೂ ನಮಸ್ಕಾರ. ಹಿರಿಯೂರು ಹತ್ತಿರ ಎನ್‌ಎಚ್ 48ರ ಪಕ್ಕದಲ್ಲಿ ನಮ್ಮ ಡಾಬಾ ಇದೆ. ರಾತ್ರಿಯಿಡೀ ಲಾರಿಗಳು ನಿಲ್ಲುತ್ತವೆ. ಡ್ರೈವರ್‌ಗಳು ತೊಟ್ಟಿ ನೀರಲ್ಲಿ ಸ್ನಾನ ಮಾಡಿ, ಊಟ ಮುಗಿಸಿ, ಹಗ್ಗದ ಮಂಚದ ಮೇಲೆ ಒಂದು ನಿದ್ದೆ ತೆಗೆದು ಹೊರಡುತ್ತಾರೆ. ಬಾಡಿಗೆ, ಟೈರು, ಮುಂದಿನ ರಸ್ತೆ, ಎಲ್ಲ ಸುದ್ದಿಯೂ ಇಲ್ಲೇ ಸಿಗುತ್ತದೆ. ಕರೆಂಟ್ ಹೋದರೂ ಅವರಿಗೆ ಬೆಳಕು, ನೀರು ನಿಲ್ಲಬಾರದು.

ಕರಿದು ಉಳಿದ ಪಾಮ್ ಎಣ್ಣೆಯನ್ನು ಮತ್ತೆ ಅಡುಗೆಗೆ ಬಳಸಲು ನನಗೆ ಮನಸ್ಸಿಲ್ಲ. ಅದರಿಂದ ಬಯೋಡೀಸೆಲ್ ಮಾಡಿ ನಮ್ಮ ಜನರೇಟರ್‌ಗೆ ಮಾತ್ರ ಹಾಕಬೇಕು. ಮಾರಾಟಕ್ಕಲ್ಲ, ಲಾರಿಗಳಿಗೂ ಅಲ್ಲ.

100 ಲೀಟರ್ ಎಣ್ಣೆಗೆ ಸುಮಾರು 20 ಲೀಟರ್ ಮೆಥನಾಲ್, ಜೊತೆಗೆ ಕಾಸ್ಟಿಕ್ ಸೋಡಾ ಬೇಕು, ಅಲ್ವಾ? ತೊಂದರೆ ಏನೆಂದರೆ, ಹಳೆ ಎಣ್ಣೆಯಲ್ಲಿ ನೀರು, ಆಮ್ಲ ಜಾಸ್ತಿ. ಅಂಥದ್ದು ಸೋಪಾಗಿಬಿಡುತ್ತದೆ, ಬಯೋಡೀಸೆಲ್ ಜೊತೆಗೆ ಹುಟ್ಟುವ ಗ್ಲಿಸರಿನ್ ಸರಿಯಾಗಿ ಬೇರೆಯಾಗುವುದಿಲ್ಲ. ಟೈಟ್ರೇಷನ್ ಮಾಡಿ, ಅಂದರೆ ಎಣ್ಣೆಯಲ್ಲಿ ಆಮ್ಲ ಎಷ್ಟಿದೆ ಎಂದು ಅಳೆದು, ಕಾಸ್ಟಿಕ್ ಸೋಡಾ ಅಳತೆ ನಿರ್ಧರಿಸುವುದನ್ನು ಎದುರಿಗೇ ನಿಂತು ಕಲಿಸುವವರು ಇದ್ದೀರಾ? ಹಾಸನದ ಮಡೆನೂರಿನ ಜೈವಿಕ ಇಂಧನ ಉದ್ಯಾನದಲ್ಲಿ ಕೆಲಸ ನೋಡಿದವರಿದ್ದರೆ ಇನ್ನೂ ಒಳ್ಳೆಯದು.

ಮೆಥನಾಲ್ ವಿಷ, ಬೇಗ ಹೊತ್ತಿಕೊಳ್ಳುತ್ತದೆ. ಹಾಗಾಗಿ ಒಲೆ, ಮಂಚಗಳ ಹತ್ತಿರ ಮಾಡಲ್ಲ. ದೂರದಲ್ಲಿ ಗಾಳಿಯಾಡುವ ಶೆಡ್ ಇದೆ. ಮೆಥನಾಲ್ ಇಟ್ಟುಕೊಳ್ಳಲು ಅನುಮತಿ ಯಾರ ಹತ್ತಿರ ಕೇಳಬೇಕು? ಪಾಮ್ ಎಣ್ಣೆಯ ಬಯೋಡೀಸೆಲ್ ಚಳಿಗೆ ಗಟ್ಟಿಯಾಗುತ್ತದಲ್ಲ, ಡಿಸೆಂಬರ್‌ನಲ್ಲಿ ಡೀಸೆಲ್ ಎಷ್ಟು ಬೆರೆಸುತ್ತೀರಿ? ಹಳೆ ಜನರೇಟರ್‌ನ ರಬ್ಬರ್ ಪೈಪು ಬಯೋಡೀಸೆಲ್‌ಗೆ ಹಾಳಾಗದೆ ತಡೆಯುತ್ತದಾ?

ಸ್ವಂತ ಅನುಭವ ಇರುವವರು ದಯವಿಟ್ಟು ಬರೆಯಿರಿ. ಈ ಕಡೆ ಬಂದರೆ ಊಟ ನಮ್ಮಲ್ಲೇ.